ಐವತ್ತು ವಾಟ್‌ನ ಸಾವಧಾನ

ಚಾರ್ಜರ್ ಡಬ್ಬಿಯ ಮೇಲೆ ‘6 ಆಂಪಿಯರ್’ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ‘50 ವಾಟ್’ ಎನ್ನುವುದು ಎಲ್ಲೋ ಮಗ್ಗುಲಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣಗೆ. ನಾವು ದಪ್ಪಕ್ಷರ ಓದಿ ದುಡ್ಡು ಕೊಡುತ್ತೇವೆ, ಚಾರ್ಜರ್ ಸಣ್ಣಕ್ಷರದ ಪ್ರಕಾರ ನಡೆದುಕೊಳ್ಳುತ್ತದೆ. ಡ್ರೋನ್, ರಿಮೋಟ್ ವಿಮಾನ, ರೇಸ್ ಕಾರು ಎಂದು ಹುಚ್ಚು ಹತ್ತಿಸಿಕೊಂಡವರು ‘ನನ್ನ ಚಾರ್ಜರ್ ಕೆಟ್ಟಿದೆ’ ಎಂದು ಗೋಳಾಡುವುದು ಕೇಳಿದಾಗಲೆಲ್ಲ ನನಗೆ ಆ ಬಡಪಾಯಿ ಯಂತ್ರದ ಮೇಲೆಯೇ ಕನಿಕರ.

ಇವರ ಬ್ಯಾಟರಿಗಳಲ್ಲಿರುವುದು ಲಿಪೊ, ಅಂದರೆ ಲಿಥಿಯಂ-ಪಾಲಿಮರ್ ಸೆಲ್; ತುಂಬಿದಾಗ ಒಂದೊಂದೂ 4.2 ವೋಲ್ಟ್. ಆರು ಸೆಲ್ ಸಾಲಾಗಿ ಕೂಡಿಸಿದ ಸಿಕ್ಸ್-ಎಸ್ ಪ್ಯಾಕ್ ತುಂಬಿದಾಗ 25.2. ಅದರ ಸಾಮರ್ಥ್ಯ 5000 ಎಂಎಎಚ್ ಇದ್ದು, ಒನ್-ಸಿ ದರದಲ್ಲಿ, ಅಂದರೆ 5 ಆಂಪಿಯರ್‌ನಲ್ಲಿ ತುಂಬಿಸಬೇಕೆಂದರೆ ಕೊನೆಕೊನೆಗೆ, ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ, 126 ವಾಟ್ ಬೇಕು. ಐವತ್ತರ ಚಾರ್ಜರ್ ಎಲ್ಲಿಂದ ತಂದೀತು? ಸಂಬಳ ಇದ್ದಷ್ಟೇ ಇರುವ ಮನೆಯಲ್ಲಿ ಬಾಡಿಗೆ ಏರಿದಾಗ ತರಕಾರಿ ಚೀಲ ಸೊರಗುವ ಹಾಗೆ, ಪ್ಯಾಕಿನ ವೋಲ್ಟೇಜ್ ಏರುತ್ತಾ ಹೋದಂತೆ ಆಂಪಿಯರ್ ಇಳಿಯುತ್ತದೆ. ನೀವು 5 ಎಂದು ಒತ್ತಿರುತ್ತೀರಿ. 21 ವೋಲ್ಟ್ ಇರುವಾಗ ಪರದೆ 2.4 ತೋರಿಸುತ್ತದೆ, 25 ದಾಟುವಾಗ 2. ಅದೇ ಚಾರ್ಜರಿಗೆ ತ್ರೀ-ಎಸ್ 2200ರ ಪುಟ್ಟ ಪ್ಯಾಕ್ ಸಿಕ್ಕಿಸಿ ನೋಡಿ: 28 ವಾಟ್‌ಗೆ ಕೆಲಸ ಮುಗಿಯಿತು, ಕೇಳಿದಷ್ಟೂ ಕೊಡುತ್ತದೆ. ಇನ್ನು ಆ ದಪ್ಪಕ್ಷರದ 6 ಆಂಪಿಯರ್ ಯಾರಿಗೆ ಸಿಗುತ್ತದೆ ಎಂದರೆ ಒಂದು ಸೆಲ್‌ನವರಿಗೆ, ಹೆಚ್ಚೆಂದರೆ ಎರಡು ಸೆಲ್‌ನವರಿಗೆ. ಅವರಲ್ಲಿ ಅನೇಕರ ಪುಟಾಣಿ ಬ್ಯಾಟರಿಗೆ ಅಷ್ಟು ಆಂಪಿಯರ್ ಬೇಕೇ ಇರುವುದಿಲ್ಲ!

ನಿಧಾನವಾಗಿ ತುಂಬಿದರೆ ಬ್ಯಾಟರಿಗೇನೂ ನಷ್ಟವಿಲ್ಲ. ನಷ್ಟ ನಮ್ಮ ಹೊತ್ತಿನದು. ಆ ಸಿಕ್ಸ್-ಎಸ್ ಪ್ಯಾಕಿನಲ್ಲಿ ಹಿಡಿಸುವುದು 111 ವಾಟ್-ಅವರ್. ಐವತ್ತರಂತೆ ಹೊಯ್ದರೆ ಎರಡೂವರೆ ಗಂಟೆ ಹತ್ತಿರ. ಹಾರಾಟ ಕೆಲವೇ ನಿಮಿಷ. ಲಿಪೊ ಬೆಂಕಿ ಹಿಡಿದರೆ ಹಿಡಿದೇಬಿಡುತ್ತದೆ, ಆದ್ದರಿಂದ ಚಾರ್ಜ್‌ಗೆ ಹಾಕಿ ಪೇಟೆಗೆ ಹೋಗುವಂತಿಲ್ಲ, ಮಲಗುವಂತೆಯೂ ಇಲ್ಲ. ಪಕ್ಕದಲ್ಲೇ ಕೂರಬೇಕು. ಹೀಗೆ ಕೂತ ಜನ ಮಾತಾಡದೆ ಏನು ಮಾಡುತ್ತಾರೆ? ಈ ಹವ್ಯಾಸದವರು ಹಾರಿಸುವುದಕ್ಕಿಂತ ಹರಟುವುದೇ ಹೆಚ್ಚು ಎಂಬ ಮನೆಯವರ ಆರೋಪಕ್ಕೆ ಮೂಲ ಸ್ವಭಾವವಲ್ಲ, ವಾಟ್.

ತುಂಬಿಸುವ ಕತೆ ಇದಾದರೆ ಇಳಿಸುವುದು ಇನ್ನೂ ಘೋರ. ಭಾನುವಾರಕ್ಕೆಂದು ಪ್ಯಾಕ್ ತುಂಬಿಸಿಟ್ಟಿರಿ, ಮಳೆ ಹಿಡಿಯಿತು. ತುಂಬಿದ ಲಿಪೊವನ್ನು ವಾರಗಟ್ಟಲೆ ಇಟ್ಟರೆ ಅದು ಸೊರಗುತ್ತದೆ, ಹೊಟ್ಟೆಯೂ ಉಬ್ಬೀತು, ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ಇಳಿಸಿಡಬೇಕು. ಆದರೆ ಅಗ್ಗದ ಚಾರ್ಜರಿನ ಡಿಸ್ಚಾರ್ಜ್ ಶಕ್ತಿ ಬರೀ 5 ವಾಟ್! ಸಿಕ್ಸ್-ಎಸ್ ಪ್ಯಾಕಿನ ಸುಮಾರು ಅರ್ಧ ಖಾಲಿಯಾಗಲು ಹನ್ನೊಂದು ಗಂಟೆ, ಅಷ್ಟೂ ಹೊತ್ತು ಪುಟ್ಟ ಫ್ಯಾನಿನ ಗುಂಯ್‌ಗುಡುವಿಕೆ. ಡಬ್ಬಿಯ ಮೇಲೆ ಈ ಅಂಕಿ ಇನ್ನೂ ಸಣ್ಣಕ್ಷರದ್ದು.

ಹಾಗಾದರೆ 500 ವಾಟ್‌ನದನ್ನೇ ತಂದರಾಯಿತಲ್ಲ ಎನ್ನುತ್ತೀರಿ. ತನ್ನಿ. ಅದು ಗೋಡೆಯ ಸಾಕೆಟ್ಟಿಗೆ ನೇರ ಸಿಕ್ಕಿಸುವ ಜಾತಿಯದಲ್ಲದಿದ್ದರೆ ಅದರ ಹಿಂದೆ ಪವರ್ ಸಪ್ಲೈ ಬೇಕು. ಮನೆಯಲ್ಲಿ ಬಿದ್ದಿರುವ 12 ವೋಲ್ಟ್, 5 ಆಂಪಿಯರ್ ಅಡಾಪ್ಟರ್ ಎಳೆದಾಡಿದರೂ ಕೊಡುವುದು 60 ವಾಟ್. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹಾರಿಹೋಗುತ್ತದೆ. 12 ವೋಲ್ಟ್‌ನಿಂದಲೇ 500 ವಾಟ್ ಎಳೆಯಬೇಕಾದರೆ 40 ಆಂಪಿಯರ್ ಮೀರುತ್ತದೆ, ತಂತಿಯೂ ಅದಕ್ಕೆ ತಕ್ಕಂತೆ ದಪ್ಪಗಾಗಬೇಕು. ಅದಕ್ಕೇ ದೊಡ್ಡ ಚಾರ್ಜರುಗಳಲ್ಲಿ ಎಷ್ಟೋ ತಮ್ಮ ಪೂರ್ಣ ಶಕ್ತಿ ತೋರಿಸುವುದು 24 ವೋಲ್ಟ್ ಕೊಟ್ಟಾಗ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಕಂಪ್ಯೂಟರ್ ಪವರ್ ಸಪ್ಲೈ ಹುಡುಕುತ್ತಾ ಅಲೆಯುವವರಲ್ಲಿ ನಮ್ಮವರೂ ಇರುತ್ತಾರೆ. ಆ ಹುಡುಕಾಟದಲ್ಲೂ ಒಂದು ಸುಖವಿದೆ, ಅದನ್ನು ಬೇಡವೆನ್ನಲಾರೆ.

ಮೈದಾನದಲ್ಲಿ ಕಾರಿನ ಬ್ಯಾಟರಿಗೇ ಕ್ಲಿಪ್ ಹಾಕುವ ಧೀರರೂ ಇದ್ದಾರೆ. 45 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 540 ವಾಟ್-ಅವರ್. ಎರಡು ಸಿಕ್ಸ್-ಎಸ್ ತುಂಬಿಸುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಮುಗಿದಿರುತ್ತದೆ. ಅಷ್ಟು ಆಳಕ್ಕೆ ಇಳಿಯಲು ಕಾರಿನ ಬ್ಯಾಟರಿ ಹುಟ್ಟಿದ್ದಲ್ಲ. ಆಮೇಲೆ ಕೀಲಿ ತಿರುಗಿಸಿದರೆ ಇಂಜಿನ್ ಒಮ್ಮೆ ಗೊರ್ ಎಂದು ಸುಮ್ಮನಾದೀತು. ತಳ್ಳುವವರಿಗೇನೂ ಬರವಿಲ್ಲ ಅನ್ನಿ, ಸುತ್ತ ಇರುವವರೆಲ್ಲ ಚಾರ್ಜ್‌ಗೆ ಕಾಯುತ್ತ ಕೂತವರೇ.