ಹಿಡಿತವೂ ಜಾರುವಿಕೆಯೂ

ತಿರುವಿನಲ್ಲಿ ಕಾರನ್ನು ರಸ್ತೆಗೆ ಅಂಟಿಸಿ ಹಿಡಿದಿರುವುದು ಯಾವುದು ಎಂದು ಕೇಳಿದರೆ ಕೆಲವರು ಎಂಜಿನ್ ಎನ್ನುತ್ತಾರೆ, ಕೆಲವರು ಬ್ರೇಕ್ ಎನ್ನುತ್ತಾರೆ. ನಿಜವಾಗಿ ಆ ಹೊಣೆ ಹೊತ್ತಿರುವುದು ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ತುಣುಕು ಜಾಗ. ಒಂದೊಂದೂ ಹೆಚ್ಚುಕಡಮೆ ಅಂಗೈಯಗಲ. ಸಾವಿರ ಕಿಲೋ ತೂಗುವ ವಾಹನ, ಅದರೊಳಗೆ ಕುಳಿತ ಸಂಸಾರ, ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ. ಸತ್ಯಮಂಗಲದ ಕಡೆಯಿಂದ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ತಾಳವಾಡಿಗೆ ಬರುವವರಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಮಳೆಗಾಲದ ಒಂದು ಪ್ರಯಾಣ ಸಾಕು.

ಈ ಹಿಡಿತವು ಅಕ್ಷಯಪಾತ್ರೆಯಲ್ಲ. ತಿಂಗಳ ಸಂಬಳದಂತೆ ಅದಕ್ಕೊಂದು ಮಿತಿಯುಂಟು. ಬ್ರೇಕ್ ಒತ್ತಿದಾಗ ಒಂದು ಪಾಲು ಖರ್ಚು, ಸ್ಟಿಯರಿಂಗ್ ತಿರುಗಿಸಿದಾಗ ಇನ್ನೊಂದು ಪಾಲು, ಆಕ್ಸಿಲರೇಟರ್ ತುಳಿದಾಗ ಮತ್ತೊಂದು. ಎಲ್ಲಕ್ಕೂ ಚೀಲ ಒಂದೇ. ಅದು ಬರಿದಾದ ಕ್ಷಣ ವಾಹನ ಜಾರುತ್ತದೆ. ಚಾಲನೆಯನ್ನು ಹವ್ಯಾಸವಾಗಿ ಕೈಗೊಂಡವರ ಲೋಕದಲ್ಲಿ ಈ ಮಿತಿಯ ಸುತ್ತ ಎರಡು ಸಂಪ್ರದಾಯಗಳು ಬೆಳೆದಿವೆ. ಒಂದು ಟ್ರ್ಯಾಕ್ ಡೇ, ಇನ್ನೊಂದು ಡ್ರಿಫ್ಟಿಂಗ್. ಮೊದಲನೆಯದು ಕೊನೆಯ ಕಾಸಿನವರೆಗೂ ಲೆಕ್ಕವಿಟ್ಟು ಖರ್ಚು ಮಾಡುವ ವಿದ್ಯೆ. ಎರಡನೆಯದು ಸಾಲ ಮಾಡಿಯೂ ಮುಳುಗದೆ ಉಳಿಯುವ ವಿದ್ಯೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ರೇಸಿಗಾಗಿ ಕಟ್ಟಿದ ಪಥವನ್ನು ಒಂದು ದಿನದ ಮಟ್ಟಿಗೆ ಶುಲ್ಕ ಪಡೆದು ಸಾಮಾನ್ಯ ವಾಹನದ ಒಡೆಯರಿಗೆ ಬಿಟ್ಟುಕೊಡುವ ಏರ್ಪಾಡು ಅದು. ಅಲ್ಲಿ ಬಹುಮಾನವಿಲ್ಲ, ಮೊದಲ ಸ್ಥಾನವೂ ಇಲ್ಲ. ಬೆಳಗ್ಗೆ ಎಲ್ಲರನ್ನೂ ಕೂರಿಸಿ ನಿಯಮ ತಿಳಿಸುತ್ತಾರೆ: ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ವೇಗ ತಗ್ಗಿಸಬೇಕು, ಕೆಂಪು ಕಂಡರೆ ಓಟ ನಿಂತಿತು, ಮೆಲ್ಲನೆ ಹಿಂದಿರುಗಬೇಕು, ಇನ್ನೊಬ್ಬನನ್ನು ಹಿಂದಿಕ್ಕುವುದು ಗೊತ್ತುಪಡಿಸಿದ ಕಡೆ ಮಾತ್ರ. ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್ ಪಥವು 1927ರಲ್ಲಿ ತೆರೆದ ಕಾಲದಿಂದಲೂ ಸಾರ್ವಜನಿಕರು ಹಣ ತೆತ್ತು ತಮ್ಮ ವಾಹನವನ್ನು ಓಡಿಸಲು ಅವಕಾಶವಿತ್ತಿದೆ. ಅದರ ಉತ್ತರ ಸುತ್ತು 20 ಕಿಲೋಮೀಟರಿಗೂ ಉದ್ದ, ಕಾಡುಗುಡ್ಡಗಳ ನಡುವೆ ಹಾದುಹೋಗುತ್ತದೆ. 1976ರಲ್ಲಿ ನಿಕಿ ಲೌಡಾ ಉರಿಯುವ ಕಾರಿನೊಳಗೆ ಸಿಲುಕಿ ಸಾವಿನಂಚಿಗೆ ಹೋಗಿ ಬಂದದ್ದು ಅಲ್ಲಿಯೇ; ಆ ಬಳಿಕ ಫಾರ್ಮುಲಾ ಒನ್ ಆ ಸುತ್ತಿಗೆ ಮರಳಲಿಲ್ಲ. ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಅಲ್ಲಿ ಗಡಿಯಾರ ಹಿಡಿದು ಸುತ್ತಿನ ಕಾಲವನ್ನು ಅಳೆಯುವುದೂ ನಿಷಿದ್ಧ.

ಇಂಥ ಪಥದಲ್ಲಿ ಹೊಸಬನಿಗೆ ಮೊದಲು ಕಲಿಸುವ ಪಾಠ ವೇಗದ್ದಲ್ಲ, ಬ್ರೇಕಿನದು. ನೇರ ದಾರಿಯಲ್ಲೇ ಬ್ರೇಕ್ ಹಾಕಿ ಮುಗಿಸಬೇಕು. ಆಮೇಲೆ ಹೊರ ಅಂಚಿನಿಂದ ತಿರುವನ್ನು ಹೊಕ್ಕು, ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಸಾಗಬೇಕು. ನಿಧಾನವಾಗಿ ಒಳಹೊಕ್ಕವನೇ ವೇಗವಾಗಿ ಹೊರಬರುತ್ತಾನೆ. ಚೆನ್ನಾಗಿ ಓಡಿಸಿದ ಸುತ್ತು ನೋಡುವವರಿಗೆ ಬಹುತೇಕ ಸಪ್ಪೆಯಾಗಿ ಕಾಣುತ್ತದೆ. ಟೈರು ಕಿರುಚುವುದು ಕಡಮೆ, ಹೊಗೆಯಂತೂ ಇಲ್ಲ.

ಡ್ರಿಫ್ಟಿಂಗಿನ ತವರು ಜಪಾನ್. ಅಲ್ಲಿ ಘಟ್ಟದ ರಸ್ತೆಗೆ ‘ತೋಗೆ’ ಎನ್ನುತ್ತಾರೆ. 1961ರಲ್ಲಿ ಮೋಟರ್‌ಸೈಕಲ್ ಗ್ರ್ಯಾನ್ ಪ್ರಿ ಗೆದ್ದು ಆ ಸಾಧನೆ ಮಾಡಿದ ಮೊದಲ ಜಪಾನಿ ಸವಾರರೆನಿಸಿದ ಕುನಿಮಿತ್ಸು ತಕಾಹಾಶಿ, 1970ರ ದಶಕದ ಕಾರು ಓಟಗಳಲ್ಲಿ ಹಿಂಬದಿ ಚಕ್ರಗಳನ್ನು ಜಾರಿಸುತ್ತಲೇ ತಿರುವು ದಾಟುತ್ತಿದ್ದರು. ಅದನ್ನು ಕಂಡು ಬೆರಗಾದ ಕೇಯಿಚಿ ತ್ಸುಚಿಯಾ ಎಂಬ ತರುಣ ಘಟ್ಟದ ರಸ್ತೆಗಳಲ್ಲಿ ಆ ಕಲೆಯನ್ನು ಸಾಧಿಸಿದರು. 1987ರಲ್ಲಿ ಹೊರಬಂದ ವಿಡಿಯೋ ಒಂದು ಅವರ ಹೆಸರನ್ನು ದೇಶಕ್ಕೆಲ್ಲ ಹರಡಿತು. 2001ರ ವೇಳೆಗೆ ಡಿ1 ಗ್ರ್ಯಾನ್ ಪ್ರಿ ಎಂಬ ಸ್ಪರ್ಧಾಮಾಲೆಯ ಮೂಲಕ ಈ ಆಟ ಘಟ್ಟದಿಂದ ಇಳಿದು ಬೇಲಿಯೊಳಗಿನ ಪಥಕ್ಕೆ ಬಂದಿತು.

ಡ್ರಿಫ್ಟಿಂಗಿನಲ್ಲಿ ಹಿಂಬದಿ ಚಕ್ರಗಳ ಹಿಡಿತವನ್ನು ಬೇಕೆಂದೇ ಬಿಡಿಸುತ್ತಾರೆ. ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಚಾಲಕ ಸ್ಟಿಯರಿಂಗನ್ನು ತಿರುವಿಗೆ ವಿರುದ್ಧವಾಗಿ ತಿರುಗಿಸಿ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚುಕಡಮೆ ಮಾಡುತ್ತ, ಆ ಜಾರುವಿಕೆಯನ್ನೇ ತಿರುವಿನ ಕೊನೆಯವರೆಗೆ ಕಾಯ್ದುಕೊಳ್ಳುತ್ತಾನೆ. ಸ್ಪರ್ಧೆಯಲ್ಲಿ ಗೆಲವನ್ನು ನಿರ್ಧರಿಸುವುದು ಗಡಿಯಾರವಲ್ಲ, ತೀರ್ಪುಗಾರರು. ಕಾರು ವಾಲಿದ ಕೋನ, ಹಿಡಿದ ಜಾಡು, ವೇಗ, ಸೊಗಸು ಇವುಗಳಿಗೆ ಅಂಕ. ಈ ದೃಷ್ಟಿಯಿಂದ ಟ್ರ್ಯಾಕ್ ಡೇ ಗಣಿತಕ್ಕೆ ಹತ್ತಿರ, ಡ್ರಿಫ್ಟಿಂಗ್ ನೃತ್ಯಕ್ಕೆ ಹತ್ತಿರ.

ಖರ್ಚಿನ ದಾರಿಯೂ ಬೇರೆ. ಟ್ರ್ಯಾಕ್ ಡೇಯಲ್ಲಿ ಮೊದಲು ಸೋಲುವುದು ಬ್ರೇಕು. ಮತ್ತೆ ಮತ್ತೆ ಒತ್ತಿದ ಕಾವಿಗೆ ಬ್ರೇಕ್ ಎಣ್ಣೆ ಕುದಿದು ಪೆಡಲು ಮೆತ್ತಗಾಗುತ್ತದೆ. ಡ್ರಿಫ್ಟಿಂಗಿನಲ್ಲಿ ಹಿಂದಿನ ಟೈರುಗಳು ಒಂದೇ ದಿನದಲ್ಲಿ ಹೊಗೆಯಾಗಿ ಹೋಗುತ್ತವೆ. ಅದಕ್ಕೆ ಹಿಂಬದಿ ಚಕ್ರಗಳಿಗೆ ಎಂಜಿನ್ ಬಲ ಹರಿಯುವ ಕಾರು ಬೇಕು. ನಮ್ಮ ದೇಶದ ಮನೆಮನೆಯ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಬದಿ ಚಕ್ರದಿಂದ ಓಡುವಂಥವು. ಅವುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹಿಂಭಾಗವನ್ನು ಬೀಸುವುದು ಡ್ರಿಫ್ಟಿಂಗ್ ಅಲ್ಲ. ಒಮ್ಮೆ ಜಾರಿದ ಮೇಲೆ ಆ ಜಾರುವಿಕೆಯನ್ನು ಎಂಜಿನ್ ಬಲದಿಂದ ಆಳುವ ಉಪಾಯವೇ ಅಲ್ಲಿಲ್ಲ.

ಯಾವುದು ಹೆಚ್ಚು ಅಪಾಯಕಾರಿ ಎಂಬ ಪ್ರಶ್ನೆಗೆ ಕಣ್ಣು ಕೊಡುವ ಉತ್ತರ ಡ್ರಿಫ್ಟಿಂಗ್. ಆದರೆ ಕಲಿಯುವವನು ನೀರು ಹಾಯಿಸಿದ ಬಯಲು ಅಂಗಳದಲ್ಲಿ ಜಾರಿಸುವ ಕಾರಿನ ವೇಗ ಬಲು ಕಡಮೆ. ತಪ್ಪಿದರೆ ಗಿರಕಿ ಹೊಡೆದು ನಿಲ್ಲುತ್ತದೆ. ಟ್ರ್ಯಾಕಿನ ನೇರ ದಾರಿಯಲ್ಲಿ ಅದೇ ಕಾರು ಅದರ ಹಲವು ಪಟ್ಟು ವೇಗದಲ್ಲಿರುತ್ತದೆ. ಗದ್ದಲವಿದ್ದಲ್ಲೆಲ್ಲ ಅಪಾಯ ಹೆಚ್ಚು, ಮೌನವಿದ್ದಲ್ಲೆಲ್ಲ ಕಡಮೆ ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಎರಡೂ ಹವ್ಯಾಸಿಗಳು ಒಬ್ಬರನ್ನೊಬ್ಬರು ಹಾಸ್ಯ ಮಾಡುವುದುಂಟು; ಒಬ್ಬನಿಗೆ ಇನ್ನೊಬ್ಬ ಟೈರು ಸುಡುವ ಹುಡುಗ, ಇನ್ನೊಬ್ಬನಿಗೆ ಮೊದಲಿನವನು ಗುಮಾಸ್ತ. ಇತಿಹಾಸ ಈ ಜಗಳಕ್ಕೆ ಸೊಗಸಾದ ಉತ್ತರ ಕೊಟ್ಟಿದೆ. 1995ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ಜಿಟಿ2 ವರ್ಗವನ್ನು ಗೆದ್ದ ಹೋಂಡಾ ಎನ್‌ಎಸ್‌ಎಕ್ಸ್ ಕಾರಿನ ಮೂವರು ಚಾಲಕರಲ್ಲಿ ಇಬ್ಬರು ಇದೇ ತಕಾಹಾಶಿ ಮತ್ತು ತ್ಸುಚಿಯಾ. ಹಗಲಿರುಳು ಟೈರನ್ನೂ ಬ್ರೇಕನ್ನೂ ಕಾಪಾಡಿಕೊಳ್ಳಬೇಕಾದ ಓಟವದು. ಜಾರಿಸುವುದರಲ್ಲಿ ಹೆಸರಾದವರು ಜಾರದಿರುವುದರಲ್ಲಿಯೂ ಪಳಗಿದ್ದರು.

ಶಾಲೆಗೆ ಹೋಗುವ ಮಕ್ಕಳಿಗೆ ಈ ಸಂಗತಿಗಳು ಇಂದು ದೂರದವಲ್ಲ; ಅವು ಅಂಗೈಯ ಫೋನಿನಲ್ಲೇ ಇವೆ. ಶುಯಿಚಿ ಶಿಗೆನೊ 1995ರಲ್ಲಿ ಆರಂಭಿಸಿದ ‘ಇನಿಷಿಯಲ್ ಡಿ’ ಎಂಬ ಚಿತ್ರಕಥೆಯಲ್ಲಿ ತೋಫು ಮಾರುವವನ ಮಗ ನಸುಕಿನಲ್ಲಿ ಘಟ್ಟ ಹತ್ತಿಳಿದು ಸರಕು ತಲುಪಿಸುತ್ತಾನೆ. ಮೆತ್ತನೆಯ ತೋಫು ಒಡೆಯಬಾರದೆಂದು ತಂದೆ ಕಾರಿನಲ್ಲಿ ನೀರು ತುಂಬಿದ ಲೋಟ ಇಡುತ್ತಾನೆ, ಅದು ತುಳುಕಬಾರದು. ಆ ಕಥೆಯಿಂದ ಹುಡುಗರು ಹೆಕ್ಕಿಕೊಂಡದ್ದು ಕಾರು ವಾಲುವ ಕೋನವನ್ನು. ಲೋಟದ ನೀರು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಹಿಡಿತ ಕಾಯುವ ಕಲೆ ಪರದೆಯಲ್ಲಿ ಕಾಣದು, ಹೊಗೆ ಕಾಣುತ್ತದೆ. ಹದಿನಾರರ ಹುಡುಗ ಕಂಡದ್ದನ್ನೇ ಅನುಕರಿಸುತ್ತಾನೆ.

ಅನುಕರಣೆಗೆ ಅವನಿಗೆ ಸಿಗುವುದು ಊರ ರಸ್ತೆ. ಅಲ್ಲಿ ಬಾವುಟ ಹಿಡಿದವರಿಲ್ಲ. ಎದುರಿನ ಬಸ್ಸಿನಲ್ಲಿ ಕುಳಿತವರು ಯಾವ ಒಪ್ಪಿಗೆ ಪತ್ರಕ್ಕೂ ರುಜು ಹಾಕಿಲ್ಲ. ತಿರುವಿನಾಚೆ ನಿಂತ ಆನೆಗೆ ನಿಯಮ ಹೇಳಿದವರಿಲ್ಲ. ಕಾನೂನೂ ಇದನ್ನು ಮನೆಯ ಬಾಗಿಲಿಗೇ ತಂದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ, ತನಗೆ ತಿಳಿಯದೆ ನಡೆಯಿತೆಂದೋ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ಸಾಬೀತುಪಡಿಸದ ಹೊರತು ಪೋಷಕನೇ ಹೊಣೆಗಾರ: 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹಾಗೆಂದು ಮಕ್ಕಳ ಉತ್ಸಾಹಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ. ಹೊಸೂರಿನಿಂದ ಚೆನ್ನೈಗೆ ಸಾಗುವ ಹೆದ್ದಾರಿಯಲ್ಲಿ ಶ್ರೀಪೆರಂಬದೂರು ದಾಟಿದರೆ ಇರುಂಗಾಟ್ಟುಕೋಟ್ಟೈಯ 3.7 ಕಿಲೋಮೀಟರಿನ ಪಥವಿದೆ. ದಿಂಬಂ ಇಳಿದು ಸತ್ಯಮಂಗಲದ ಮೇಲೆ ಮುಂದೆ ಹೋದರೆ ಕೊಯಮತ್ತೂರು. ಅಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರೆನಿಸಿದ ನರೇನ್ ಕಾರ್ತಿಕೇಯನ್ ಆ ಊರಿನವರು. ವಯಸ್ಸು ಬಂದಾಗ, ಹೆಲ್ಮೆಟ್ ತೊಟ್ಟು, ಪಕ್ಕದಲ್ಲಿ ಬಲ್ಲವರನ್ನು ಕೂರಿಸಿಕೊಂಡು ಮೊದಲು ಹಿಡಿತವನ್ನು ಕಲಿತು, ಆಮೇಲೆ ಮನಸ್ಸಿದ್ದರೆ ಜಾರುವುದನ್ನು ಕಲಿಯಬಹುದು. ನಾಲ್ಕು ಅಂಗೈಗಳ ಬಲ ಎಲ್ಲಿ ಮುಗಿಯುತ್ತದೆಂದು ಒಮ್ಮೆ ಅಲ್ಲಿ ಕಂಡುಬಂದವನು ದಿಂಬಂ ತಿರುವಿನಲ್ಲಿ ಹಾರನ್ ಮಾಡಿ, ವೇಗ ತಗ್ಗಿಸಿ, ಏರಿ ಬರುವ ವಾಹನಕ್ಕೆ ದಾರಿ ಬಿಟ್ಟು ಇಳಿಯುತ್ತಾನೆ.