ನಾಯಕನ ಆಯ್ಕೆ

ಕಾಸರಗೋಡಿನಲ್ಲಿ ವಕೀಲಿಕೆ ಆರಂಭಿಸಿದ ಆ ತರುಣನ ರಾತ್ರಿಗಳನ್ನು ವಿಡಿಯೋ ಗೇಮ್ ಕಬಳಿಸುತ್ತಿತ್ತು. ವಾರಾಂತ್ಯ ಇಂಗ್ಲಿಷ್ ಪ್ರೀಮಿಯರ್ ಲೀಗಿನ ಫ್ಯಾಂಟಸಿ ಫುಟ್ಬಾಲಿಗೆ ಮೀಸಲು: 15 ಆಟಗಾರರ ತಂಡ, ನಾಯಕನಿಗೆ ಇಮ್ಮಡಿ ಅಂಕ, ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಆಯ್ಕೆ ಮುಗಿಯಬೇಕು.

ಒಂದು ಶನಿವಾರ ವೃದ್ಧೆಯೊಬ್ಬರು ಹಿರಿಯ ವಕೀಲರ ಕಚೇರಿಗೆ ಹಳೆಯ ಮೂಲಗೇಣಿ ಪತ್ರ ತಂದರು. 1956ಕ್ಕೆ ಮೊದಲು, ಈ ನೆಲ ದಕ್ಷಿಣ ಕನ್ನಡಕ್ಕೆ ಸೇರಿದ್ದಾಗ, ಕನ್ನಡದಲ್ಲಿ ಬರೆದದ್ದು. ಕಚೇರಿಯಲ್ಲಿ ಅದನ್ನು ಓದಬಲ್ಲವನು ಕನ್ನಡ ಮಾಧ್ಯಮದಲ್ಲಿ ಕಲಿತ ಅವನೊಬ್ಬನೇ.

"ಓದಿ ಹೇಳು ಮಗಾ, ತೋಡಿನಾಚೆಯ ಜಾಗ ನಮ್ಮದೋ?"

ನಾಯಕನನ್ನು ಬದಲಿಸುವ ಗಡುವು ಮೀರಿತು. ಅವನು ಸಾಲುಸಾಲಾಗಿ ಓದಿದ. ಚತುಸ್ಸೀಮೆಯಲ್ಲಿ ತೋಡಿನಾಚೆಯೂ ಸೇರಿತ್ತು.

ಆಟವನ್ನು ಅವನು ಬಿಟ್ಟಿಲ್ಲ. ತಂಡವನ್ನು ಈಗ ಗುರುವಾರ ರಾತ್ರಿಯೇ ಕಟ್ಟುತ್ತಾನೆ. ವಿಡಿಯೋ ಗೇಮ್ ಭಾನುವಾರಕ್ಕೆ ಸರಿದಿದೆ. ಶನಿವಾರ ಹಳೆಯ ಪತ್ರಗಳಿಗೆ.