ಚತುರ್ದಶಿಯ ಎಲೆ

ಪಿತೃಪಕ್ಷದಲ್ಲಿ ನಿಮ್ಮ ಮನೆಯಲ್ಲಿ ಎಡೆ ಇಡುವುದು ಯಾವ ದಿನ? ಬಹುಮಟ್ಟಿಗೆ ಮಹಾಲಯ ಅಮಾವಾಸ್ಯೆಗೇ ಅಲ್ಲವೇ? ನಮ್ಮ ಅರಸೀಕೆರೆ ಕಡೆಯಲ್ಲೂ ಅಷ್ಟೆ. ಆದರೆ ನಮ್ಮ ಮನೆಯಲ್ಲಿ ಅದರ ಹಿಂದಿನ ದಿನ, ಚತುರ್ದಶಿಗೆ, ಇನ್ನೊಂದು ಎಡೆ ಇದೆ. ಒಂದೇ ಒಂದು ಎಲೆ. ಅದರಲ್ಲಿ ಪಾಯಸ, ವಡೆ, ಕೋಳಿಸಾರು ಏನೇ ಇರಲಿ, ನಿಪ್ಪಟ್ಟು ಇರಲೇಬೇಕು. "ಎಡೆಗೆ ನಿಪ್ಪಟ್ಟು ಯಾಕ್ರೀ?" ಅಂತ ಅಕ್ಕಪಕ್ಕದವರು ಕೇಳುವುದುಂಟು. ಅವರಿಗೆ ಏನೋ ಒಂದು ಹೇಳಿ ಸುಮ್ಮನಾಗುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು?

ಆ ಎಲೆ ನನ್ನ ಮೈದುನನದು. ನಾನು ಮದುವೆಯಾಗಿ ಬಂದಾಗ ಅವನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳ ಸೇರಿ ಎರಡು ವರ್ಷವಾಗಿತ್ತು. ರಜೆಗೆ ಬಂದರೆ ಸೀದಾ ಅಡುಗೆಮನೆಗೇ ನುಗ್ಗುತ್ತಿದ್ದ. "ಅತ್ತಿಗೆ, ನಮ್ಮವ್ವ ಮಾಡೋ ನಿಪ್ಪಟ್ಟು ಹಲ್ಲಿಗೆ ಕೆಲಸ ಕೊಡುತ್ತೆ, ನೀವು ಮಾಡೋದು ಬಾಯಲ್ಲೇ ಕರಗುತ್ತೆ" ಅಂತ ಅತ್ತೆಗೆ ಕೇಳಿಸುವಂತೆಯೇ ಹೇಳಿ, ನನ್ನನ್ನು ಪೇಚಿಗೆ ಸಿಕ್ಕಿಸುತ್ತಿದ್ದ. (ಗುಟ್ಟು ಏನೂ ಇಲ್ಲ. ಅಕ್ಕಿಹಿಟ್ಟಿಗೆ ಹುರಿಗಡಲೆ ಪುಡಿ ಸ್ವಲ್ಪ ಮುಂದಾಗಿಯೇ ಹಾಕಿ, ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಸುರಿದು ಕಲಸಬೇಕು, ಅಷ್ಟೆ.)

1971ರ ದೀಪಾವಳಿ ಕಳೆದ ಮೇಲೆ ಅವನದೊಂದು ಕಾಗದ ಬಂತು. ವಿಳಾಸ '56 ಎ.ಪಿ.ಓ.' ಅಂತ ಮಾತ್ರ. ಎಲ್ಲಿದ್ದಾನೆ ಅನ್ನುವುದು ನಮಗೆ ತಿಳಿಯುವಂತಿರಲಿಲ್ಲ. "ಹಬ್ಬಕ್ಕೆ ರಜ ಸಿಗಲಿಲ್ಲ, ನಿಪ್ಪಟ್ಟಾದರೂ ಕಳಿಸಿ ಅತ್ತಿಗೆ" ಅಂತ ಬರೆದಿದ್ದ. ಆಗ ನನಗೆ ಐದು ತಿಂಗಳು. ಕಾದೆಣ್ಣೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ನಾಳೆ ನಾಡಿದ್ದು ಅಂತ ದಿನ ತಳ್ಳಿದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಸೋಮಾರಿತನವೂ ಇತ್ತು. ಕೊನೆಗೆ ನವೆಂಬರ್ ಮುಗಿಯುವ ಹೊತ್ತಿಗೆ ಮಾಡಿ, ಡಬ್ಬಿಗೆ ತುಂಬಿ, ಬಟ್ಟೆ ಹೊಲಿದು, ಅರಗಿನ ಮುದ್ರೆ ಹಾಕಿಸಿ ಕಳಿಸಿದೆವು. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು.

ಡಿಸೆಂಬರ್ 16ರ ಸಂಜೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತೆಂದು ರೇಡಿಯೋದಲ್ಲಿ ಬಂದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಅತ್ತೆ ಮನೆಮನೆಗೂ ಸಕ್ಕರೆ ಹಂಚಿ ಬಂದರು. "ಇನ್ನೇನು, ಸಂಕ್ರಾಂತಿಗೆ ಬರ್ತಾನೆ" ಅಂದರು. ಅವರು ಸಕ್ಕರೆ ಹಂಚುವಾಗ ಅವನು ಇರಲಿಲ್ಲ. ಪಶ್ಚಿಮದಲ್ಲಿ, ಬಸಂತರ್ ನದಿಯ ಹತ್ತಿರ, 15ರ ರಾತ್ರಿ ಟ್ಯಾಂಕುಗಳು ದಾಟಲು ದಾರಿ ಮಾಡಿಕೊಡಲೆಂದು ನೆಲಬಾಂಬುಗಳನ್ನು ತೆಗೆಯುವ ಕೆಲಸ ಸ್ಯಾಪರ್‌ಗಳದಾಗಿತ್ತು. ಮಾರನೆಯ ದಿನ ಟ್ಯಾಂಕಿನಲ್ಲೇ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ಅರುಣ್ ಖೇತ್ರಪಾಲರ ಹೆಸರು ನೀವು ಕೇಳಿರುತ್ತೀರಿ. ಆ ಯುದ್ಧವೇ ಇದು. ನಮಗೆ ತಂತಿ ಬಂದದ್ದು ನಾಲ್ಕಾರು ದಿನ ಕಳೆದ ಮೇಲೆ. ಜನವರಿಯಲ್ಲಿ ಡಬ್ಬಿಯೂ ವಾಪಸು ಬಂತು. ಅರಗಿನ ಮುದ್ರೆ ಹಾಗೇ ಇತ್ತು.

ಅತ್ತೆ ಅದನ್ನು ಬಿಚ್ಚಗೊಡಲಿಲ್ಲ. ಅಟ್ಟದ ಮೇಲಿಟ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಆಗೆಲ್ಲ ಯುದ್ಧದಲ್ಲಿ ಮಡಿದವರನ್ನು ಸಾಮಾನ್ಯವಾಗಿ ಅಲ್ಲೇ ಸಂಸ್ಕಾರ ಮಾಡಿಬಿಡುತ್ತಿದ್ದರು, ಊರಿಗೆ ಕಳಿಸುತ್ತಿರಲಿಲ್ಲ. ಅತ್ತೆಗೆ ಅದೇ ಒಂದು ಎಳೆ ಸಿಕ್ಕಿತು. ಮಾವನವರು ಆ ವರ್ಷ ಎಡೆ ಇಡುವ ಮಾತೆತ್ತಿದಾಗ, "ಸತ್ತೋನ ಮುಖ ನೋಡಿದೋರು ಯಾರು? ಬದುಕಿರೋ ಮಗನಿಗೆ ಎಡೆ ಇಕ್ಕು ಅಂತೀರಾ?" ಎಂದು ಎದ್ದು ಹೋದರು. ಫೋಟೋಕ್ಕೆ ಹಾರ ಹಾಕಿಸಲಿಲ್ಲ. ಪ್ರತಿ ದೀಪಾವಳಿಗೆ ಅವನ ಅಳತೆಯ ಒಂದು ಶರಟು ತಂದು ಟ್ರಂಕಿನಲ್ಲಿ ಇಡುತ್ತಿದ್ದರು. ಮಾವ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ನಾವು ಯಾರೂ ತಡೆಯಲಿಲ್ಲ. ಅಳತೆ ಮಾತ್ರ ಇಪ್ಪತ್ತಮೂರು ವರ್ಷದ ಹುಡುಗನದ್ದೇ!

ಹೀಗೇ ಇಪ್ಪತ್ತೆಂಟು ವರ್ಷ ಕಳೆಯಿತು ಎಂದರೆ ನೀವು ನಂಬುತ್ತೀರಾ?

1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ಯೋಧರ ಪೆಟ್ಟಿಗೆಗಳು ಧ್ವಜ ಹೊದ್ದು ಅವರವರ ಊರಿಗೆ ಬಂದವು. ಟೀವಿಯಲ್ಲಿ ತೋರಿಸುತ್ತಿದ್ದರು. ಅತ್ತೆ ಕಣ್ಣು ಕಿತ್ತದೆ ನೋಡುತ್ತಿದ್ದರು. ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಿದ್ದ ಒಬ್ಬ ತಾಯಿಯನ್ನು ನೋಡಿ, "ಪುಣ್ಯವಂತೆ ಕಣವ್ವ, ಅವಳಿಗೆ ಅಳಾಕೆ ಏನೋ ಒಂದು ಸಿಕ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈ ಸಲ ಅವನಿಗೂ ಒಂದು ಎಲೆ ಹಾಕು" ಅಂದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದೆ.

ಪುರೋಹಿತರನ್ನು ಕೇಳಿದಾಗ, ಶಸ್ತ್ರದಿಂದ ಮಡಿದವರಿಗೆ ಪಕ್ಷಮಾಸದ ಚತುರ್ದಶಿಯೇ ಮೀಸಲು, ಅದನ್ನು ಘಾತ ಚತುರ್ದಶಿ ಅನ್ನುತ್ತಾರೆ ಎಂದರು. ಅವನಿಗೆಂದೇ ಒಂದು ದಿನ ಇದೆಯೆಂದು ತಿಳಿದು ಅತ್ತೆಗೆ ಏನೋ ಸಮಾಧಾನ. ಟ್ರಂಕಿನ ಶರಟುಗಳಲ್ಲಿ ಒಂದನ್ನು ಎಡೆಗಿಟ್ಟು, ಉಳಿದವನ್ನು ಹಂಚಿಬಿಟ್ಟರು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತೆವು. ಒಳಗೆ ಹೋಗುವ ಮುಂಚೆ ಕೆಮ್ಮಿ ಸದ್ದು ಮಾಡುವ ಪದ್ಧತಿ ನಿಮ್ಮಲ್ಲೂ ಇರಬಹುದು. ಅತ್ತೆಗೆ ಕೆಮ್ಮಲು ಗಂಟಲು ಏಳಲಿಲ್ಲ. ನಾನೇ ಕೆಮ್ಮಿದೆ.

ಅತ್ತೆ ಈಗಿಲ್ಲ. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತಲ್ಲ, ಮಗ ಮೊನ್ನೆ ಮೊನ್ನೆ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಸುತ್ತು ಸುತ್ತಾಗಿ ಗೋಡೆಗಳು, ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬರ ಹೆಸರು, ಒಟ್ಟು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಕಾಲು ಸೋತು ಕೂತಿದ್ದಾಗ ಮಗ "ಅಮ್ಮಾ, ಇಲ್ಲಿ!" ಅಂತ ಕೂಗಿದ. ಹೋಗಿ ಬೆರಳಿನಿಂದ ಅಕ್ಷರ ಸವರಿದೆ. ಬಿಸಿಲಿಗೆ ಕಲ್ಲು ಕಾದಿತ್ತು. ಅತ್ತೆಯನ್ನು ಕರೆತರಬೇಕಿತ್ತು ಅನ್ನುವುದು ಬಿಟ್ಟರೆ ಬೇರೆ ಏನೂ ತೋಚಲಿಲ್ಲ.

ಊರಿಗೆ ಬಂದ ಮೇಲೆ ನನಗೆ ಹತ್ತಿದ ಯೋಚನೆ ಬೇರೆ. ಅವನಿಗೆ ಮಕ್ಕಳಿಲ್ಲ. ಕಣ್ಣಲ್ಲಿ ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ. ಸೊಸೆ ಬ್ಯಾಂಕಿನ ಕೆಲಸದವಳು, ಅವಳಿಗೆ ಅಮಾವಾಸ್ಯೆಗೆ ರಜ ಸಿಕ್ಕರೆ ಹೆಚ್ಚು. ಅವಳನ್ನು ಹೇಗೆ ಕೇಳುವುದು? ಕೇಳದೆ ಬಿಟ್ಟೆ.

ಹೋದ ಚತುರ್ದಶಿಯ ಹಿಂದಿನ ರಾತ್ರಿ ನಾನು ಹಿಟ್ಟು ಕಲಸುತ್ತಿದ್ದೆ. ಅವಳು ಒಲೆಯ ಹತ್ತಿರ ಬಂದು ನಿಂತು, "ಅತ್ತೆ, ಒಂದು ಸೇರು ಅಕ್ಕಿಹಿಟ್ಟಿಗೆ ಹುರಿಗಡಲೆ ಎಷ್ಟು ಹಾಕ್ತೀರಿ?" ಅಂದಳು. ಹೇಳಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಚತುರ್ದಶಿಯ ಮನೆಯ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದುಕೊಂಡು, ಎಣ್ಣೆ ಕಾಯಲು ಇಟ್ಟಳು.